ಕೆಂಪು ಚೀಟಿಯವರಿಗೆ ಹೊಸ ಮನೆ

ಅವರನ್ನು ನಾನು ಮೊದಲ ದಿನದಿಂದಲೇ ನಂಬಲಿಲ್ಲ. ಯಾಕೆ ಎಂದು ಕೇಳಿದರೆ ಈಗ ಹೇಳಲು ನಾಚಿಕೆ. ಅವರು ಇಲಿಗಳ ಜೊತೆ ಮಾತಾಡುತ್ತಿದ್ದರು, ನಮ್ಮ ಜೊತೆ ಮಾತಾಡುತ್ತಿರಲಿಲ್ಲ. ಅಷ್ಟೇ ಕಾರಣ.

ಕೆ.ಆರ್. ಪುರದ ಒಂದು ಗಲ್ಲಿಯಲ್ಲಿ ನಮ್ಮ ಪ್ರಯೋಗಾಲಯವಿದೆ. ಕಂಪನಿಗಳು ತಯಾರಿಸುವ ಹೊಸ ಪದಾರ್ಥಗಳನ್ನು ಇಲಿಗಳಿಗೆ ಕೊಟ್ಟು, ಅದು ವಿಷವೋ ಅಲ್ಲವೋ ನೋಡಿ, ವರದಿ ಬರೆದುಕೊಡುವುದು ನಮ್ಮ ಕೆಲಸ. ನಾನು ಸೇರಿದಾಗ ಪಿಎಚ್‌ಡಿಗೆ ಹೆಸರು ನೋಂದಾಯಿಸಿಕೊಂಡು, ಹಲಸೂರಿನಿಂದ ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಹುಡುಗಿ. ಅವರು ಅಲ್ಲಿನ ಅನಿಮಲ್ ಹೌಸ್ ನೋಡಿಕೊಳ್ಳುತ್ತಿದ್ದವರು. ಪಂಜರ ತೊಳೆಯುವುದು, ಇಲಿಗಳಿಗೆ ತಿನ್ನಲು ಕುಡಿಯಲು ಇಡುವುದು, ಅವುಗಳ ತೂಕ ನೋಡುವುದು ಎಲ್ಲ ಅವರದೇ. ಪುಲಿಕೇಶಿನಗರದ ತಮ್ಮ ಮನೆಯಿಂದ ಈಸ್ಟ್ ಸ್ಟೇಷನ್‌ಗೆ ನಡೆದು, ಪ್ಯಾಸೆಂಜರ್ ರೈಲು ಹಿಡಿದು, ನಮಗಿಂತ ಒಂದು ಗಂಟೆ ಮುಂಚೆ ಬಂದಿರುತ್ತಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದೆವು. ಹೋದ ತಿಂಗಳು ತೀರಿಕೊಂಡರು. ಹೆಸರು ಇಲ್ಲಿ ಬರೆಯುವುದಿಲ್ಲ, ಆ ಹೆಸರಿಗೆ ನನ್ನಿಂದ ಆದದ್ದು ಸಾಕು.

ಅವರಿಗೂ ನಮ್ಮ ಮೇಲೆ ನಂಬಿಕೆ ಇರಲಿಲ್ಲ, ಅದನ್ನೂ ಹೇಳಬೇಕು. ಬಿಳಿ ಕೋಟು ಹಾಕಿಕೊಂಡು ಯಾರೇ ಬಂದರೂ ಬಾಗಿಲಲ್ಲೇ ತಡೆದು ಮೂಗರಳಿಸುತ್ತಿದ್ದರು. "ಸೆಂಟ್ ಹಾಕಿದೀರಾ ಮೇಡಮ್ಮಾ? ತೊಳ್ಕೊಂಡು ಬನ್ನಿ. ಅವು ಹೆದರ್ಕೊಳ್ತವೆ." ಫೀಡ್ ಮೂಟೆ ಬಂದರೆ ಕೈ ಹಾಕಿ, ಮೂಸಿ, ಕೆಲವೊಮ್ಮೆ ಒಂದು ಕಾಳು ಬಾಯಿಗೂ ಹಾಕಿಕೊಂಡು ನೋಡಿ ಆಮೇಲೆ ಒಳಗಿಡುತ್ತಿದ್ದರು. ನಾನು ಕೆಲಸ ಮುಗಿಸಿ ಹೊರಡುವಾಗ ಎಲ್ಲ ಇಲಿಗಳನ್ನೂ ಒಂದೊಂದಾಗಿ ಎಣಿಸಿಯೇ ಬಾಗಿಲು ತೆಗೆಯುವುದು. ನನಗೆ ಮೈ ಉರಿಯುತ್ತಿತ್ತು.

"ನನ್ ಮೇಲೆ ನಂಬಿಕೆ ಇಲ್ವಾ ಚಾಚಾ?" ಎಂದೆ ಒಂದು ದಿನ.

"ಇದೆಯಮ್ಮಾ, ಯಾಕಿಲ್ಲ. ಎಣಿಸ್ಕೊಂಡು ನಂಬ್ತೀನಿ."

ಅವರ ತಮ್ಮನಿಗೆ ಶಿವಾಜಿನಗರದಲ್ಲಿ ಅತ್ತರಿನ ಅಂಗಡಿ. ಶುಕ್ರವಾರ ನಮಾಜು ಮುಗಿದ ಮೇಲೆ ಯಾರಾದರೂ ಪ್ರೀತಿಯಿಂದ ಮುಂಗೈಗೆ ಅತ್ತರು ಸವರಲು ಬಂದರೆ ಇವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದರಂತೆ. ಇಲಿಗಳಿಗೋಸ್ಕರ ಅತ್ತರು ಬಿಟ್ಟವನು ನಮ್ಮ ಖಾನ್‌ದಾನಿನಲ್ಲಿ ಇವನೊಬ್ಬನೇ ಎಂದು ತಮ್ಮ ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದನಂತೆ. ಇದನ್ನು ಅವರೇ ಹೇಳಿದ್ದು, ಅದೂ ನನಗಲ್ಲ. ಒಂದು ಇಲಿಯನ್ನು ಅಂಗೈಯಲ್ಲಿ ಹಿಡಿದು ಅದಕ್ಕೆ ಹೇಳುತ್ತಿದ್ದರು, ನಾನು ಪಕ್ಕದಲ್ಲಿ ತೂಕ ಬರೆದುಕೊಳ್ಳುತ್ತಿದ್ದೆ. ಯಾವುದಾದರೂ ಇಲಿ ಮಂಕಾಗಿ ಕೂತರೆ "ಕೈಕೂ ನೈ ಖಾಯಾ ರೇ ತೂ?" ಎಂದು ಗದರುತ್ತಿದ್ದರು. ಯಾಕೋ ತಿಂದಿಲ್ಲ ಎಂದು ಮನೆಮಗನನ್ನು ಕೇಳಿದ ಹಾಗೆ.

ನನಗೆ ವಹಿಸಿದ ಮೊದಲ ದೊಡ್ಡ ಕೆಲಸ ಜಿಂಕ್ ಆಕ್ಸೈಡ್. ಆಹಾರದ ಪೊಟ್ಟಣಗಳ ಒಳಮೈಗೆ ಬಳಿದರೆ ತಿಂಡಿ ಬೇಗ ಹಳಸುವುದಿಲ್ಲ ಎಂದು ಒಂದು ಕಂಪನಿ ಅದರ ನ್ಯಾನೋ ಪುಡಿ ಮಾಡಿತ್ತು. ಅದು ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ನಾವು ಹೇಳಬೇಕು. ಪುಡಿಯನ್ನು ನೀರಲ್ಲಿ ಕದಡಿ ತಂದ ಬಾಟಲಿಯನ್ನು ಅವರು ಬೆಳಕಿಗೆ ಹಿಡಿದು ನೋಡಿದರು.

"ಏನಮ್ಮಾ ಇದು, ಹಾಲಿದ್ದಂಗಿದೆ?"

"ಸತು, ಚಾಚಾ. ತುಂಬಾ ಸಣ್ಣ ಪುಡಿ. ಒಂದು ಕೂದಲನ್ನ ಉದ್ದಕ್ಕೆ ಸಾವಿರ ಸಲ ಸೀಳಿದ್ರೆ ಒಂದು ಸೀಳು ಎಷ್ಟು ದಪ್ಪ ಇರುತ್ತೋ ಅಷ್ಟು."

"ಅಷ್ಟು ಸಣ್ಣದು ಒಳಗಡೆ ಹೋಗಿ ಎಲ್ಲಿ ಕೂತ್ಕೊಳ್ಳುತ್ತೆ ಅಂತ ಯಾರಿಗ್ಗೊತ್ತು?"

"ಅದನ್ನೇ ಅಲ್ವಾ ನೋಡ್ತಿರೋದು."

"ನೋಡೋದು ನೀವು. ಕುಡಿಯೋದು ಅವು," ಎಂದು ಬಾಟಲಿ ವಾಪಸು ಕೊಟ್ಟರು.

ನಲವತ್ತು ಇಲಿ, ನಾಲ್ಕು ಗುಂಪು. ಪಂಜರಕ್ಕೆ ಸಿಕ್ಕಿಸಿದ ಚೀಟಿಯ ಬಣ್ಣದಿಂದ ಗುಂಪು ಗೊತ್ತಾಗುತ್ತಿತ್ತು. ಬಿಳಿ ಚೀಟಿಯವಕ್ಕೆ ಬರೀ ನೀರು, ಹೋಲಿಸಿ ನೋಡಲು. ಹಸಿರಿನವಕ್ಕೆ ಸ್ವಲ್ಪ ಸತು, ಹಳದಿಗೆ ಹೆಚ್ಚು, ಕೆಂಪಿಗೆ ಎಲ್ಲಕ್ಕಿಂತ ಹೆಚ್ಚು. ಕೊನೆಗೆ ಎಲ್ಲವನ್ನೂ ಕೊಂದು, ರಕ್ತ ಮತ್ತು ಯಕೃತ್ತು ತೆಗೆದು ನೋಡುವುದು. ಆ ಕೊನೆಯ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಒಂದೊಂದು ಇಲಿಯನ್ನೂ ತಾವೇ ಹಿಡಿದು, ಅದು ನಡುಗುವುದು ನಿಂತ ಮೇಲೆಯೇ ನಮ್ಮ ಕೈಗೆ ಕೊಟ್ಟರು. ನಾವು ಅವಸರ ಮಾಡಿದರೆ ಕೇಳಲಿಲ್ಲ.

ಫಲಿತಾಂಶ ಬಂದಾಗ ನನ್ನ ತಲೆ ಕೆಟ್ಟುಹೋಯಿತು. ಬರೀ ನೀರು ಕುಡಿದ ಬಿಳಿ ಚೀಟಿಯ ಇಲಿಗಳ ರಕ್ತದಲ್ಲೂ ಮಿತಿಮೀರಿ ಸತು. ಅವುಗಳ ಯಕೃತ್ತಿನಲ್ಲೂ ಕೆಂಪು ಚೀಟಿಯವುಗಳ ಹಾಗೇ ಕಲೆ. ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಕಂಪನಿಯ ಪ್ರತಿನಿಧಿಗೆ ಮಾತ್ರ ಮುಖವೆಲ್ಲ ನಗು. "ಡಿಫರೆನ್ಸ್ ಇಲ್ಲ ಅಂದ್ರೆ ಸೇಫ್ ಅಂತಾನೇ ಅಲ್ವಾ ಮೇಡಂ?" ಎಂದ. ಇದೇ ವರದಿಯಾಗಿ ಹೋದರೆ ಆ ಪುಡಿ ಮಕ್ಕಳು ತಿನ್ನುವ ಚಿಪ್ಸಿನ ಪೊಟ್ಟಣಕ್ಕೆ ಬರುತ್ತಿತ್ತು. ನನ್ನ ಪಿಎಚ್‌ಡಿಯೂ ಅದರ ಜೊತೆಗೇ ಮಣ್ಣು ಮುಕ್ಕುತ್ತಿತ್ತು.

ಆಗ ನಾನು ಲೆಕ್ಕ ಹಾಕತೊಡಗಿದೆ. ಬಿಳಿ ಚೀಟಿಯ ಇಲಿಗೆ ಸತು ಬರಬೇಕಾದರೆ ಯಾರೋ ಪಂಜರ ಬದಲಿಸಿರಬೇಕು. ಅನಿಮಲ್ ಹೌಸಿನ ಬೀಗದ ಕೈ ಇದ್ದದ್ದು ಒಬ್ಬರ ಹತ್ತಿರ. ಅವರು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ದಿನಾ ಉರ್ದುವಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದರು, ನಮ್ಮಲ್ಲಿ ಯಾರಿಗೂ ಅದು ಓದಲು ಬರುತ್ತಿರಲಿಲ್ಲ. ಅದಕ್ಕೂ ಹಿಂದೆ ರಂಜಾನ್ ತಿಂಗಳಲ್ಲಿ ಒಂದು ಸಂಜೆ ಕಂಪನಿಯ ಪ್ರತಿನಿಧಿ ಗೇಟಿನ ಹತ್ತಿರ ಅವರ ಕೈಗೆ ಒಂದು ಪ್ಯಾಕೆಟ್ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಇವರ ಕೈ ಬಿಸಿ ಮಾಡಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಹೆಸರು ಬೇರೆ ಇದ್ದು, ನೋಟ್‌ಬುಕ್ಕು ಕನ್ನಡದಲ್ಲಿದ್ದರೆ ಅಷ್ಟು ಬೇಗ ಖಾತ್ರಿಯಾಗುತ್ತಿತ್ತೇ ಎಂದು ಆಮೇಲೆ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ನನಗೆ ಇಷ್ಟವಾಗಲಿಲ್ಲ.

ಡೈರೆಕ್ಟರಿಗೆ ದೂರು ಬರೆದೆ. ಜಾಣೆ ನಾನು, ಅವರ ಹೆಸರೆತ್ತಲಿಲ್ಲ. 'ಬೀಗದ ಕೈ ಹೊಂದಿರುವವರು ಪಂಜರಗಳನ್ನು ಅದಲು ಬದಲು ಮಾಡಿರುವ ಸಂಶಯವಿದೆ' ಎಂದು ಮಾತ್ರ ಬರೆದೆ.

ಮರುದಿನ ಅವರನ್ನು ಕರೆಸಿದರು, ನಾನೂ ಅಲ್ಲೇ ಕೂತಿದ್ದೆ. ಡೈರೆಕ್ಟರು ಕಾಗದ ಓದಿ ಹೇಳಿದರು. ಚಾಚಾ ಕೂಗಾಡಲಿಲ್ಲ, ಆಣೆ ಹಾಕಲಿಲ್ಲ. ನನ್ನ ಕಡೆ ತಿರುಗಿ, "ನೀವು ಎಣಿಸಿದ್ರಾ ಮೇಡಮ್ಮಾ?" ಎಂದು ಕೇಳಿದರು. ನನಗೆ ಏನು ಕೇಳುತ್ತಿದ್ದಾರೆಂದೇ ಅರ್ಥವಾಗಲಿಲ್ಲ. ಬೀಗದ ಕೈ ಮೇಜಿನ ಮೇಲಿಟ್ಟು ಹೋದರು. ನಿವೃತ್ತಿಗೆ ಇನ್ನು ಐದು ತಿಂಗಳಿತ್ತು. 'ಸಿಬ್ಬಂದಿ ಪಂಜರ ಬದಲಿಸಿದ ಸಂಶಯದ ಮೇಲೆ ಪ್ರಯೋಗ ರದ್ದು' ಎಂದು ಫೈಲಿನಲ್ಲಿ ಬರೆಯಲಾಯಿತು. ನನಗೆ ಆ ದಿನ ಸಮಾಧಾನವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಪ್ರಯೋಗವನ್ನು ಮತ್ತೆ ಮೊದಲಿನಿಂದ ಮಾಡಬೇಕಿತ್ತು. ಅವರ ಜಾಗಕ್ಕೆ ಬೇರೆಯವರು ಸಿಗುವ ತನಕ ಪಂಜರ ತೊಳೆಯುವ ಕೆಲಸ ನನ್ನ ತಲೆಗೆ ಬಂತು. ಅಷ್ಟು ದಿನ ಒಂದು ಸಲವೂ ನಾನು ಪಂಜರ ತೊಳೆದಿರಲಿಲ್ಲ. ಮೂರನೆಯದೋ ನಾಲ್ಕನೆಯದೋ ಪಂಜರದ ಮುಚ್ಚಳ ಉಜ್ಜುತ್ತಿದ್ದಾಗ ಬೆರಳಿಗೆ ಏನೋ ಗೀರಿತು. ಬೆಳಕಿಗೆ ಹಿಡಿದು ನೋಡಿದೆ. ಜಾಲರಿ ಮುಚ್ಚಳದ ತಂತಿಗಳನ್ನು ಇಲಿಗಳು ಸಾಲಾಗಿ ಕಡಿದಿದ್ದವು. ಹಳೆಯ ಜಿ.ಐ. ತಂತಿ ಅದು, ತುಕ್ಕು ಹಿಡಿಯದಿರಲಿ ಎಂದು ಕಬ್ಬಿಣದ ಮೇಲೆ ಸತುವಿನ ಲೇಪ ಕೊಟ್ಟದ್ದು. ಕಡಿದ ಕಡೆಯಲ್ಲೆಲ್ಲ ಲೇಪ ಹೋಗಿ ಕಬ್ಬಿಣ ಕಾಣುತ್ತಿತ್ತು. ಆ ಸತುವೆಲ್ಲ ಎಲ್ಲಿಗೆ ಹೋಯಿತು ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲ್ಲೇ ತೊಟ್ಟಿಯ ಪಕ್ಕ ಕೂತುಬಿಟ್ಟೆ.

ಆಮೇಲೆ ಎಲ್ಲ ಮುಚ್ಚಳಗಳನ್ನೂ ಹರವಿ ನೋಡಿದೆ. ಅರ್ಧ ಹಳೆಯ ಜಿ.ಐ., ಅರ್ಧ ಹೊಸ ಸ್ಟೀಲು. ಪ್ರಯೋಗ ಶುರುವಾಗುವ ವಾರವೇ ಸ್ಟೀಲಿನವು ಬಂದಿದ್ದವು, ಅರ್ಧ ಪಂಜರಗಳಿಗೆ ಸಾಲುವಷ್ಟು ಮಾತ್ರ. ಮುಚ್ಚಳದ ಮೇಲಿನ ನಂಬರು ಹಿಡಿದು ಹೊಂದಿಸಿದರೆ ಕೆಂಪು ಮತ್ತು ಹಳದಿ ಚೀಟಿಯವಕ್ಕೆ ಸ್ಟೀಲು, ಬಿಳಿ ಮತ್ತು ಹಸಿರಿನವಕ್ಕೆ ಹಳೆಯದು. ಪುಡಿ ಕುಡಿದವು ಅದರಿಂದ ಸತು ತಿಂದವು, ಕುಡಿಯದವು ಮುಚ್ಚಳದಿಂದ ತಿಂದವು. ಪಂಜರ ಯಾರೂ ಬದಲಿಸಿರಲಿಲ್ಲ.

ಡೈರೆಕ್ಟರ ಹತ್ತಿರ ಓಡಿದೆ. ಅವರು ಕಡಿದ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಹೊಸ ಮುಚ್ಚಳ ಎಲ್ಲಕ್ಕೂ ಹಾಕ್ಸಿ, ಎಕ್ಸ್‌ಪರಿಮೆಂಟ್ ಮತ್ತೆ ಮಾಡಿ," ಎಂದರು. "ಕಾರಣ ಬರೆಯೋದು ಬೇಡ. ಈ ಮುಚ್ಚಳದಲ್ಲಿ ಎಷ್ಟು ವರ್ಷದಿಂದ ಎಷ್ಟು ರಿಪೋರ್ಟ್ ಕೊಟ್ಟಿದೀವಿ ಗೊತ್ತಾ? ಎಲ್ಲಾ ಎದ್ದು ಕೂತ್ಕೊಳ್ಳುತ್ತೆ."

"ಚಾಚಾ ಕಥೆ?"

"ಅವ್ರು ಹೇಗೂ ರಿಟೈರ್ ಆಗೋರಿದ್ರಲ್ಲ," ಎಂದರು.

ಆ ಭಾನುವಾರ ಪುಲಿಕೇಶಿನಗರಕ್ಕೆ ಅವರ ಮನೆ ಹುಡುಕಿಕೊಂಡು ಹೋದೆ. ಒಳಗೆ ಕರೆದರು, ಚಹಾ ತರಿಸಿದರು. ಕಾಲು ಹಿಡಿಯುವುದೊಂದು ಬಾಕಿ, ಎಲ್ಲವನ್ನೂ ಒದರಿದೆ. ಮುಚ್ಚಳದ ವಿಷಯ ಬಂದಾಗ ಅವರು ಎದ್ದುಹೋಗಿ ಆ ಚಿಕ್ಕ ನೋಟ್‌ಬುಕ್ಕು ತಂದು, ಪುಟ ತಿರುವಿ, ಬೆರಳಿಟ್ಟು ಓದಿ ಕನ್ನಡದಲ್ಲಿ ಹೇಳಿದರು. ಯಾವ ಇಲಿ ತಿಂದಿತು, ಯಾವುದು ಬಿಟ್ಟಿತು, ಯಾವುದಕ್ಕೆ ಭೇದಿ. ನಡುವೆ ಒಂದು ದಿನ ಬರೆದಿದ್ದದ್ದು ಇಷ್ಟು: 'ಕೆಂಪು ಚೀಟಿಯವರಿಗೆ ಹೊಸ ಮನೆ ಸಿಕ್ಕಿತು. ಹಳದಿಯವರಿಗೂ.'

"ಹೊಸದು ಅರ್ಧಾನೇ ಬಂದಿತ್ತಮ್ಮಾ. ವಿಷ ಕುಡಿಯೋರು ಅವ್ರು. ಇರೋ ನಾಲ್ಕು ದಿನ ಒಳ್ಳೇ ಮನೇಲಿ ಇರ್ಲಿ ಅಂತ ಅವ್ರಿಗೆ ಹಾಕ್ದೆ. ಬರೀ ನೀರು ಕುಡಿಯೋರಿಗೆ ಹಳೇದು ಸಾಕು ಅಂದ್ಕೊಂಡೆ."

ಇಷ್ಟು ಕೇಳಿದ ಮೇಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಹುಟ್ಟುಗುಣ. "ಹಾಗಾದ್ರೆ ಗೇಟ್ ಹತ್ರ ಆ ಪ್ಯಾಕೆಟ್ ಏನು ಚಾಚಾ?" ಎಂದು ಕೇಳಿಬಿಟ್ಟೆ.

ಅವರು ನನ್ನನ್ನೇ ನೋಡಿದರು. "ಖರ್ಜೂರ. ಎಲ್ರಿಗೂ ಕೊಟ್ಟ ಅವ್ನು. ನಿಮ್ ಟೇಬಲ್ ಮೇಲೂ ಒಂದು ಇಟ್ಟಿದ್ದ. ನೀವು ತಿಂದ್ರಿ."

ಹೌದು, ತಿಂದಿದ್ದೆ. ಚೆನ್ನಾಗಿದೆ ಎಂದು ಅಮ್ಮನಿಗೂ ತೆಗೆದುಕೊಂಡು ಹೋಗಿದ್ದೆ. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು.

"ಮತ್ತೆ ಮಾಡ್ತೀರಾ ಪರೀಕ್ಷೆ?" ಎಂದು ಕೇಳಿದರು.

"ಮಾಡ್ಬೇಕು."

"ಎಷ್ಟು?"

"ನಲವತ್ತು."

ಅವರು ನೋಟ್‌ಬುಕ್ಕು ಮುಚ್ಚಿದರು. "ಇನ್ನೂ ನಲವತ್ತು ನನ್ನಿಂದ ಹೋಗ್ತವೆ ಹಂಗಾದ್ರೆ," ಎಂದರು. ತಮ್ಮನ್ನು ಕೆಲಸದಿಂದ ಕಳಿಸಿದ ದಿನ ಆಡದ ದನಿ ಅದು.

ಹೊರಡುವಾಗ ಒಂದೇ ಒಂದು ಕೇಳಿದರು. ಆಫೀಸಿನವರು ಯಾಕೆ ಮನೆಗೆ ಕಳಿಸಿದರು ಎಂಬ ಸುದ್ದಿ ಬೀದಿಗೆ ಬಂದಿತ್ತು. ಬಾಯಿಂದ ಬಾಯಿಗೆ ಹೋಗುತ್ತ ಅದು ಇಲಿ ಕದ್ದು ಮಾರಿದ ಕಥೆಯಾಗಿತ್ತು. "ಮಸೀದೀಲಿ ಜನ ಸಲಾಮ್ ಹೇಳ್ತಾರಮ್ಮಾ. ಮುಂದಕ್ಕೋಗಿ ಒಂದ್ಸಲ ತಿರುಗಿ ನೋಡ್ತಾರೆ. ನಂಗೊಂದು ಕಾಗದ ಬರ್ಕೊಡಿ. ಆಫೀಸ್ ಫೈಲಲ್ಲೂ ಅದನ್ನ ಇಡ್ಸಿ. ಅಷ್ಟು ಸಾಕು."

ಬರೆದುಕೊಂಡು ಹೋದೆ. 'ಇವರ ಮೇಲಿನ ಸಂಶಯ ನಿರಾಧಾರ, ಇವರು ಪ್ರಾಮಾಣಿಕರು, ಇವರಿಂದ ಯಾವ ತಪ್ಪೂ ಆಗಿಲ್ಲ' ಎಂದು ಚೆಂದವಾಗಿ ಬರೆದಿದ್ದೆ. ಬಾಗಿಲಲ್ಲೇ ನಿಂತು ಮಗಳ ಕೈಲಿ ಓದಿಸಿದರು. ಮಗಳು ಲಿಂಗರಾಜಪುರದಲ್ಲಿ ಶಾಲೆಯೊಂದರಲ್ಲಿ ಟೀಚರು, ಅವತ್ತು ಅಲ್ಲಿಗೆ ಬಂದಿದ್ದಳು. ಕೇಳಿ ಮುಗಿಸಿ ಅವರು ಅಲ್ಲವೆಂದು ತಲೆಯಾಡಿಸಿದರು.

"ತಪ್ಪು ಆಗಿಲ್ಲ ಅಂತ ಯಾಕೆ ಬರೆದ್ರಿ? ಆಗಿದೆ. ಮುಚ್ಚಳ ನಾನೇ ಹಾಕಿದ್ದು. ಮೋಸ ಮಾಡಿಲ್ಲ, ತಪ್ಪು ಮಾಡಿದೀನಿ. ಎರಡೂ ಬರೀರಿ." ಆಮೇಲೆ ದನಿ ಸ್ವಲ್ಪವೂ ಏರಿಸದೆ, "ನೀವು ನೋಡ್ಲಿಲ್ಲ ಅಂತಾನೂ ಬರೀರಿ," ಎಂದರು.

ಈ ಕೊನೆಯ ಮಾತಿಗೆ ಒಂದು ವಿವರಣೆ ಬೇಕು. ದಿನಾ ಬೆಳಿಗ್ಗೆ ಪಂಜರಗಳ ಮುಂದೆ ನಿಂತು ತುಂಬಬೇಕಾದ ಒಂದು ಹಾಳೆ ಇತ್ತು. ಅದರ ಕಡೆಯ ಅಂಕಣ, 'ಪಂಜರಗಳೆಲ್ಲ ಒಂದೇ ಬಗೆಯವೇ?' ಎಂದು. ನಾನು ಆ ಅಂಕಣವನ್ನು ಸೋಮವಾರ ನನ್ನ ಮೇಜಿನಲ್ಲಿ ಕೂತು ಇಡೀ ವಾರಕ್ಕೆ ಒಟ್ಟಿಗೆ ಟಿಕ್ ಹಾಕಿಬಿಡುತ್ತಿದ್ದೆ. ಹೌದು, ಹೌದು, ಹೌದು. ಪ್ರತಿ ಹಾಳೆಯ ಕೆಳಗೂ ನನ್ನ ಸಹಿ. ಅವರಿಗೆ ಅದು ಗೊತ್ತಿತ್ತು. ವಿಚಾರಣೆಯ ದಿನ ಎಣಿಸಿದ್ರಾ ಎಂದು ಅವರು ಕೇಳಿದ್ದು ಅದನ್ನೇ.

ಅದನ್ನು ಬರೆದು ಫೈಲಿಗೆ ಸೇರಿಸಿದರೆ ನನ್ನ ಪಿಎಚ್‌ಡಿ ಹೋಗುತ್ತಿತ್ತು, ಕೆಲಸವೂ ಹೋಗುತ್ತಿತ್ತು. "ಮುಂದಿನ ವಾರ ತರ್ತೀನಿ ಚಾಚಾ," ಎಂದೆ. ಕೈಯಲ್ಲಿದ್ದ ಕಾಗದವನ್ನಾದರೂ ಇಟ್ಟುಕೊಳ್ಳಿ ಎಂದರೆ, "ಅರ್ಧ ಕಾಗದ ನಂಗೆ ಬೇಡಮ್ಮಾ," ಎಂದು ಮಡಿಸಿ ನನ್ನ ಚೀಲದೊಳಕ್ಕೆ ಹಾಕಿದರು.

ಆ ವಾರ ಬರಲೇ ಇಲ್ಲ. ಎರಡನೆಯ ಪ್ರಯೋಗದಲ್ಲಿ ಎಲ್ಲ ಸರಿಯಾಗಿ ಬಂತು. ಬಿಳಿ ಚೀಟಿಯ ಇಲಿಗಳು ಚೆನ್ನಾಗಿದ್ದವು, ಕೆಂಪು ಚೀಟಿಯವುಗಳ ಯಕೃತ್ತು ನೋಡುವ ಹಾಗಿರಲಿಲ್ಲ. ಕಂಪನಿ ವರದಿ ತೆಗೆದುಕೊಂಡು ವಂದನೆ ಹೇಳಿತು, ಆಮೇಲೆ ಅದನ್ನು ಯಾವ ಕಪಾಟಿನಲ್ಲಿ ಮಲಗಿಸಿತೋ ಗೊತ್ತಿಲ್ಲ. ಚಿಪ್ಸಿನ ಪೊಟ್ಟಣ ಹರಿಯುವಾಗೆಲ್ಲ ಒಳಗಿನ ಹೊಳಪನ್ನು ಇವತ್ತಿಗೂ ಅನುಮಾನದಿಂದ ನೋಡುತ್ತೇನೆ. ನನಗೆ ಡಾಕ್ಟರೇಟ್ ಬಂತು, ಬಡ್ತಿ ಬಂತು. ಈಗ ಅದೇ ಪ್ರಯೋಗಾಲಯದಲ್ಲಿ ಬೇರೆಯವರ ಹಾಳೆಗಳನ್ನು ತಪಾಸಣೆ ಮಾಡುವ ಅಧಿಕಾರಿ ನಾನೇ. ನಾಚಿಕೆ ಎನ್ನುವುದು ಬಹಳ ನಿಧಾನವಾಗಿ ಬರುತ್ತದೆ ನನಗೆ. ನಾಲ್ಕು ವರ್ಷ ಹಿಡಿಯಿತು.

ಚಾಚಾ ಹೋದ ಸುದ್ದಿ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೈ ಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ಯಾರೋ ಹೊಸಬರು, 'ಪಂಜರ ಚೇಂಜ್ ಮಾಡಿದ್ರಲ್ಲ, ಅವರೇನಾ?' ಎಂದು ಕೇಳಿದ್ದರು. ಅವತ್ತೇ ಕೂತು ಕಾಗದ ಬರೆದೆ. ಅವರು ಮೋಸ ಮಾಡಿಲ್ಲ. ಹೊಸ ಮುಚ್ಚಳವನ್ನು ಕರುಣೆಯಿಂದ ತಪ್ಪು ಗುಂಪಿಗೆ ಹಾಕಿದರು. ನಾನು ನೋಡದೆ ನೋಡಿದೆನೆಂದು ಪ್ರತಿ ವಾರ ಸಹಿ ಮಾಡಿದೆ. ತೆಗೆದುಕೊಂಡು ಲಿಂಗರಾಜಪುರಕ್ಕೆ ಮಗಳ ಮನೆಗೆ ಹೋದೆ.

ಅವಳು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಓದಿದಳು.

"ಇದನ್ನ ಆಫೀಸಿಗೆ ಕೊಟ್ಟಿದೀರಾ?"

"ಕೊಡ್ತೀನಿ. ನಾಳೆ."

"ಕೊಟ್ಟು, ಸೀಲ್ ಹಾಕಿಸ್ಕೊಂಡು ಬನ್ನಿ," ಎಂದು ಕಾಗದ ನನ್ನ ಕೈಗೇ ಹಿಂತಿರುಗಿಸಿ ಬಾಗಿಲು ಹಾಕಿಕೊಂಡಳು.

ಮರುದಿನ ಕೊಟ್ಟೆ. ಡೈರೆಕ್ಟರು ಓದಿ, ಕನ್ನಡಕ ತೆಗೆದು, ನಿಮಗೆ ತಲೆ ಸರಿ ಇದೆಯಾ ಎಂದು ಕೇಳಿದರು. ಇದು ಒಳಗೆ ಹೋದರೆ ಮೊದಲು ಹೋಗುವುದು ನಿಮ್ಮ ಕೆಲಸ, ಆಮೇಲೆ ಡಿಗ್ರಿಯ ಮಾತು ಎಂದರು. ಗೊತ್ತು ಎಂದೆ. ಸ್ವೀಕೃತಿಯ ಸೀಲು ಬೀಳುವ ತನಕ ಅಲ್ಲೇ ನಿಂತಿದ್ದೆ, ನನ್ನನ್ನೂ ನಾನು ನಂಬುವ ಹಾಗಿರಲಿಲ್ಲ. ಪ್ರತಿ ತೆಗೆದುಕೊಂಡು ಸಂಜೆ ಮತ್ತೆ ಲಿಂಗರಾಜಪುರಕ್ಕೆ ಹೋದೆ.

ಮಗಳು ಮೊದಲು ಸೀಲು ನೋಡಿದಳು, ತಾರೀಖು ನೋಡಿದಳು. ಆಮೇಲೆ ಮೊದಲಿನಿಂದ ಕೊನೆಯ ತನಕ ಒಂದೊಂದೇ ಸಾಲು ಓದಿದಳು, ಈ ಸಲ ಗಟ್ಟಿಯಾಗಿ. ಓದಿ ಮುಗಿಸಿ ಕಾಗದವನ್ನು ಮಡಿಸಿ ಕೈಯಲ್ಲಿಟ್ಟುಕೊಂಡಳು.

"ಅಬ್ಬಾಗೆ ಕೊನೇ ವರ್ಷ ಕಣ್ಣು ಕಾಣ್ತಿರ್ಲಿಲ್ಲ," ಎಂದಳು. "ಆದ್ರೂ ದಿನಾ ಕೇಳೋರು, ಆ ಹುಡುಗಿ ಬಂದ್ಲಾ ಅಂತ. ತಂದಿದ್ರೆ ಹೀಗೇ ಓದಿ ಹೇಳ್ತಿದ್ದೆ."